ಗಡಿಯಾಚೆಯ ಕೇಳುಗರಿಗೂ ದಾರಿ ಇರಲಿ

ಬಿಬಿಸಿಯ ಆನ್‌ಲೈನ್ ವೀಕ್ಷಣಾ ಸೇವೆ ಐಪ್ಲೇಯರ್ 2007ರಲ್ಲಿ ಶುರುವಾದಾಗ, ಪ್ರಸಾರ ಮುಗಿದ ಕಾರ್ಯಕ್ರಮಗಳನ್ನು ಬ್ರಿಟನ್ನಿನಲ್ಲಿ ಟಿ.ವಿ. ಲೈಸೆನ್ಸ್ ಇಲ್ಲದವರೂ ನೋಡಬಹುದಿತ್ತು. 2016ರ ಸೆಪ್ಟೆಂಬರ್ 1ರಿಂದ ಅದಕ್ಕೂ ಲೈಸೆನ್ಸ್ ಕಡ್ಡಾಯವಾಯಿತು. ಮುಖ್ಯವಾಗಿ ಜನರ ಲೈಸೆನ್ಸ್ ಶುಲ್ಕದಿಂದ ನಡೆಯುವ ಸಂಸ್ಥೆ ಹೀಗೆ ಮಾಡಿದ್ದರಲ್ಲಿ ತಪ್ಪಿಲ್ಲ; ಒಬ್ಬರು ತೆರುವ ಹಣದಲ್ಲಿ ಇನ್ನೊಬ್ಬರು ಬಿಟ್ಟಿ ನೋಡುವುದು ನ್ಯಾಯವಲ್ಲ. ಹೊರದೇಶಗಳಿಗೆ ಐಪ್ಲೇಯರ್ ಸಿಗದಿರುವುದಕ್ಕೂ ಕಾರಣವಿದೆ. ಕ್ರೀಡೆ, ಸಿನಿಮಾ, ಧಾರಾವಾಹಿಗಳ ಪ್ರಸಾರದ ಹಕ್ಕು ಒಂದೊಂದು ದೇಶಕ್ಕೂ ಬೇರೆಬೇರೆಯಾಗಿ ಮಾರಾಟವಾಗುತ್ತದೆ.

ಆದರೆ 2025ರ ಜುಲೈನಲ್ಲಿ ರೇಡಿಯೊ, ಪಾಡ್‌ಕಾಸ್ಟ್‌ಗಳ ‘ಬಿಬಿಸಿ ಸೌಂಡ್ಸ್’ ಆ್ಯಪನ್ನೂ ಹೊರದೇಶದವರಿಗೆ ಮುಚ್ಚಿದ್ದನ್ನು ಒಪ್ಪುವುದು ಕಷ್ಟ. ವರ್ಲ್ಡ್ ಸರ್ವಿಸ್ ಮತ್ತು ರೇಡಿಯೊ 4 ಬೇರೆ ಆ್ಯಪಿನಲ್ಲಿ ಸಿಗುತ್ತಿವೆ, ನಿಜ. ಆದರೆ ಕಿರುತರಂಗದ ಕಾಲದಿಂದಲೂ ಬಿಬಿಸಿಯನ್ನು ನಂಬಿ ಕೇಳುತ್ತ ಬಂದ ನಮ್ಮಂಥ ದೇಶಗಳ ಜನರಲ್ಲಿ ಅದರ ಹೆಸರು ಗಟ್ಟಿಯಾದದ್ದೇ ರೇಡಿಯೊದಿಂದ. ಖರ್ಚಿನ ಚಿಂತೆಯಿದ್ದರೆ ಹೊರಗಿನವರಿಂದ ಚಂದಾ ಪಡೆಯಲಿ. ಕೊಡಲು ಸಿದ್ಧರಿರುವವರು ಬೇಕಾದಷ್ಟಿದ್ದಾರೆ. ಹಕ್ಕುಗಳ ತೊಡಕಿಲ್ಲದ ಸುದ್ದಿ ಮತ್ತು ಚರ್ಚೆಗಳನ್ನಂತೂ ಬಿಬಿಸಿ ಎಲ್ಲ ದೇಶಗಳಿಗೂ ಮುಕ್ತವಾಗಿಯೇ ಇಡಬೇಕು.