ಸಿಂಫನಿ, ಜಾಝ್ ಮತ್ತು ತತ್ತ್ವಜ್ಞಾನಿಯ ಕಂಠ

ಪಾಶ್ಚಾತ್ಯ ಸಂಗೀತದ ಹಿರಿಯ ಕೃತಿಯೊಂದನ್ನು ಜಾಝ್ ವಾದಕರು ಕೈಗೆತ್ತಿಕೊಂಡರೆ ಸಾಕು, ‘ಅಪಚಾರ!’ ಎಂಬ ಕೂಗು ಏಳುತ್ತದೆ. ಅದಕ್ಕೆ ತತ್ತ್ವಜ್ಞಾನಿಯೊಬ್ಬನ ಮಾತನ್ನೂ ಸೇರಿಸಿದರಂತೂ ಹೇಳುವುದೇ ಬೇಡ. ಈ ಕೂಗಿನಲ್ಲಿ ಎಷ್ಟು ತಥ್ಯವಿದೆ? ಸಂಗೀತಶಾಸ್ತ್ರದಲ್ಲಿ ನನಗೆ ಪಾಂಡಿತ್ಯವಿಲ್ಲ. ಕೇಳುಗನೊಬ್ಬನ ಅಭಿಪ್ರಾಯವೆಂದು ವಾಚಕರು ಇದನ್ನು ಎಣಿಸಬೇಕು.

ಗುಸ್ತಾವ್ ಮಾಹ್ಲರನ ಮೂರನೆಯ ಸಿಂಫನಿಯನ್ನೇ ತೆಗೆದುಕೊಳ್ಳೋಣ. 1896ರಲ್ಲಿ ರಚನೆ ಮುಗಿದು, 1902ರಲ್ಲಿ ಜರ್ಮನಿಯ ಕ್ರೇಫೆಲ್ಡ್ ನಗರದಲ್ಲಿ ಮೊದಲ ಸಲ ಪೂರ್ಣವಾಗಿ ಕೇಳಿಬಂದ ಈ ಕೃತಿಗೆ ಆರು ಭಾಗಗಳು. ನಾಲ್ಕನೆಯ ಭಾಗದಲ್ಲಿ ಹೆಣ್ಣುಕಂಠವೊಂದು ನೀತ್ಸೆಯ ‘ಜರಥುಷ್ಟ್ರ’ ಗ್ರಂಥದ ನಡುರಾತ್ರಿಯ ಗೀತೆಯನ್ನು ಹಾಡುತ್ತದೆ. ಅಂದಮೇಲೆ ಸಿಂಫನಿಯೊಳಕ್ಕೆ ತತ್ತ್ವಜ್ಞಾನಿಯನ್ನು ಕರೆತಂದವರು ಜಾಝ್‌ನವರಲ್ಲ, ಮಾಹ್ಲರನೇ.

ಮೂಲವನ್ನು ಮುಟ್ಟಲಾಗದೆಂಬುದು ಎರಡನೆಯ ಆಕ್ಷೇಪ. ಆದರೆ 1900ರಲ್ಲಿ ವಿಯೆನ್ನಾದಲ್ಲಿ ಬೀಥೋವನನ ಒಂಬತ್ತನೆಯ ಸಿಂಫನಿಯ ವಾದ್ಯಯೋಜನೆಯನ್ನು ತಿದ್ದಿ ನುಡಿಸಿದವನೂ ಈ ಮಾಹ್ಲರನೇ. ಟೀಕೆ ಬಂದಾಗ ಅವನು ತನ್ನ ಸಮರ್ಥನೆಯನ್ನು ಅಚ್ಚು ಹಾಕಿಸಿ ಹಂಚಿದನು. ಹಿರಿಯರ ಕೃತಿಯನ್ನು ತನ್ನ ಕಾಲದ ಕಿವಿಗೆ ಒಪ್ಪಿಸುವ ಹಕ್ಕನ್ನು ತಾನೇ ಚಲಾಯಿಸಿದವನ ಹೆಸರಿನಲ್ಲಿ ಇತರರಿಗೆ ಅದನ್ನು ನಿರಾಕರಿಸುವುದು ನ್ಯಾಯವೇ?

ಅಮೆರಿಕದ ಪಿಯಾನೋ ವಾದಕ ಯೂರಿ ಕೇನ್ 1997ರಲ್ಲಿ ಮಾಹ್ಲರನ ಕೃತಿಗಳನ್ನು ಜಾಝ್‌ಗೆ ಅಳವಡಿಸಿದ ಧ್ವನಿಮುದ್ರಿಕೆಯನ್ನು ಹೊರತಂದನು. ಮೊದಲನೆಯ ಸಿಂಫನಿಯ ಶವಯಾತ್ರೆಯ ಸ್ವರಗಳು ಅಲ್ಲಿ ಯಹೂದ್ಯರ ಮದುವೆಮನೆಯ ವಾದ್ಯಮೇಳದತ್ತ ಹೊರಳುತ್ತವೆ. ಯಹೂದ್ಯರ ಪ್ರಾರ್ಥನಾಗಾಯಕನ ಕಂಠವೂ ಕೇಳುತ್ತದೆ. ಇದು ಹೊರಗಿನಿಂದ ಅಂಟಿಸಿದ ಬಣ್ಣವಲ್ಲ. ಮಾಹ್ಲರ್ ಬೊಹೀಮಿಯದ ಯಹೂದಿ ಮನೆಯಲ್ಲಿ ಹುಟ್ಟಿದವನು. ಆ ನಾದ ಮೂಲದಲ್ಲೇ ಅಡಗಿದೆ.

ಇಲ್ಲಿ ಇತಿಹಾಸವನ್ನು ನೆನೆಯಬೇಕು. ನಾತ್ಸಿಗಳು ಮಾಹ್ಲರನ ಸಂಗೀತವನ್ನು ನಿಷೇಧಿಸಿದರು. 1938ರಲ್ಲಿ ಡ್ಯೂಸೆಲ್‌ಡಾರ್ಫ್‌ನಲ್ಲಿ ‘ಕೆಟ್ಟುಹೋದ ಸಂಗೀತ’ದ ಪ್ರದರ್ಶನ ನಡೆಸಿ ಜಾಝನ್ನೂ ಹೀಗಳೆದರು. ಯಹೂದಿ ದ್ವೇಷವನ್ನು ಖಂಡಿಸಿದ್ದ ನೀತ್ಸೆಯನ್ನು ಮಾತ್ರ ತಮ್ಮವನೆಂದು ಸಾರಿಕೊಂಡರು. ಆದುದರಿಂದ ಮಾಹ್ಲರ್, ಜಾಝ್, ನೀತ್ಸೆ ಮೂವರೂ ಒಂದೇ ವೇದಿಕೆಯಲ್ಲಿ ಕೂಡುವುದು ಬರಿಯ ಶೋಕಿಯಲ್ಲ. ಕಸಿದುಕೊಂಡ ಕಂಠವನ್ನು ಅದರ ಒಡೆಯನಿಗೆ ಮರಳಿಸಿದಂತೆ.

ಆದರೆ ಎಲ್ಲ ಪ್ರಯೋಗವೂ ಸಾಧುವೆಂದು ನಾನು ಹೇಳಲಾರೆ. ಆ ನಾಲ್ಕನೆಯ ಭಾಗವನ್ನು ಅತಿ ನಿಧಾನವಾಗಿ, ಅತ್ಯಂತ ಮೆಲುದನಿಯಲ್ಲಿ ನುಡಿಸಬೇಕೆಂದು ಮಾಹ್ಲರ್ ಬರೆದಿದ್ದಾನೆ. ಅಲ್ಲಿ ಡ್ರಮ್ಮಿನ ಆರ್ಭಟ ಸಲ್ಲದು. ತತ್ತ್ವಜ್ಞಾನಿ ಉಪನ್ಯಾಸಕನಾಗಿ, ವಾದ್ಯಗಳು ಅವನ ಹಿಂದೆ ಶ್ರುತಿಪೆಟ್ಟಿಗೆಯಂತೆ ಕೂತರೆ ಅದು ಸಂಗೀತವೂ ಅಲ್ಲ, ತತ್ತ್ವವೂ ಅಲ್ಲ.

ಔಚಿತ್ಯದ ದಾರಿ ಗ್ರಂಥದಲ್ಲೇ ಇದೆ. ನೀತ್ಸೆ ಆ ಗೀತೆಯನ್ನು ಗಂಟೆಯ ಹನ್ನೆರಡು ಹೊಡೆತಗಳ ನಡುವೆ ಒಂದೊಂದೇ ಸಾಲಾಗಿ ಇಟ್ಟಿದ್ದಾನೆ. ಹನ್ನೆರಡನೆಯ ಹೊಡೆತದ ಮುಂದೆ ಮಾತೇ ಇಲ್ಲ. ಮಾಹ್ಲರ್ ಈ ಎಣಿಕೆಯನ್ನು ಕೈಬಿಟ್ಟನು. ಜಾಝ್‌ನವರು ಅದನ್ನು ಮರಳಿ ತರಬಹುದು. ಬಾಸ್ ವಾದ್ಯ ಗಂಟೆಯಾಗಲಿ. ಪ್ರತಿ ಸಾಲಿಗೂ ಒಂದೊಂದು ವಾದ್ಯ ತನ್ನ ಮನೋಧರ್ಮದಿಂದ ಉತ್ತರ ಕೊಡಲಿ. ಹನ್ನೆರಡನೆಯ ಹೊಡೆತವಾದ ಮೇಲೆ ತತ್ತ್ವಜ್ಞಾನಿ ಸುಮ್ಮನಾಗಿ ವಾದ್ಯಗಳೇ ಮುಂದುವರಿಯಲಿ.

ಮೂಲವನ್ನು ಚೆನ್ನಾಗಿ ಬಲ್ಲವನಿಗೆ ಮಾತ್ರ ಇಂಥ ಸ್ವಾತಂತ್ರ್ಯ ಒಪ್ಪುತ್ತದೆ. ಬಲ್ಲವನು ಮುಟ್ಟಿದರೆ ಕೃತಿ ಸವೆಯುವುದಿಲ್ಲ, ಬೆಳೆಯುತ್ತದೆ. ಯಾರೂ ಮುಟ್ಟದೆ ಪೂಜೆಗಿಟ್ಟ ಕೃತಿಯನ್ನು ಕಡೆಗೆ ಕೇಳುವವರೂ ಉಳಿಯುವುದಿಲ್ಲ.