ಮನೆಯ ಹಳೆಯ ಕಾರು, ಮಕ್ಕಳ ಹೊಸ ಹಂಬಲ

ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಕಡೆ ಕೆಲವು ಮನೆಗಳ ಮುಂದೆ ಹಳೆಯ ಮಾರುತಿ 800 ನಿಂತಿರುವುದನ್ನು ಇಂದಿಗೂ ಕಾಣುತ್ತೇವೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಈ ಪುಟ್ಟ ಕಾರು ಎಷ್ಟೋ ಮಧ್ಯಮ ವರ್ಗದ ಕುಟುಂಬಗಳ ಮೊದಲ ವಾಹನ. ಯಜಮಾನರು ದೊಡ್ಡ ಕಾರು ಕೊಂಡ ಮೇಲೆ ಹಳೆಯದು ಮೂಲೆ ಸೇರುತ್ತದೆ. ಆಗ ಕಾಲೇಜಿಗೆ ಹೋಗುವ ಮಗನ ಅಥವಾ ಮಗಳ ಕಣ್ಣು ಅದರ ಮೇಲೆ ಬೀಳುತ್ತದೆ. ಅಗಲವಾದ ಚಕ್ರ, ಗುಡುಗುವ ಸೈಲೆನ್ಸರ್, ಕಣ್ಣು ಕೋರೈಸುವ ದೀಪ, ಹೀಗೆ ಒಂದು ಪಟ್ಟಿಯೇ ಸಿದ್ಧವಾಗುತ್ತದೆ. ತಂದೆ ಒಂದೇ ಮಾತಿನಲ್ಲಿ ಬೇಡವೆನ್ನುತ್ತಾರೆ. ಅಲ್ಲಿಗೆ ತಂದೆ ಮಕ್ಕಳ ನಡುವೆ ಮಾತೇ ನಿಲ್ಲುತ್ತದೆ.

ಬೇಡವೆನ್ನಬಾರದೆಂಬುದು ನಮ್ಮ ಅಭಿಪ್ರಾಯ. ಕೈಗೆ ಮಸಿ ಮಾಡಿಕೊಂಡು ಯಂತ್ರವನ್ನು ಬಿಚ್ಚಿ ಜೋಡಿಸುವುದು ಕೀಳು ಕೆಲಸವಲ್ಲ. ಕಾಯಕವನ್ನು ಗೌರವಿಸುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಹಿರಿಯರು ಮಕ್ಕಳೊಡನೆ ಕುಳಿತು ನಿಶ್ಚಯಿಸಬೇಕು. ಶಿವರಾತ್ರಿಯ ಜಾತ್ರೆಗೆ ಅಜ್ಜಿಯನ್ನು ಕೂಡಿಸಿಕೊಂಡು ಸಿದ್ಧಗಂಗೆಗೆ ಹೊರಡುವುದೂ ಅದೇ ಕಾರಿನಲ್ಲಿ ತಾನೆ?

ಈ ಕಾರಿನದು 796 ಸಿ.ಸಿ.ಯ, ಮೂರು ಸಿಲಿಂಡರಿನ, ಸುಮಾರು 37 ಅಶ್ವಶಕ್ತಿಯ ಎಂಜಿನ್. ಸಂಜೆಯ ಹೊತ್ತು ಹಲಸೂರಿನಿಂದ ಹಳೆ ಮದರಾಸು ರಸ್ತೆ ಹಿಡಿದು ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ತೂಗುಸೇತುವೆ ಮುಟ್ಟುವಷ್ಟರಲ್ಲಿ ನಾಲ್ಕನೆಯ ಗೇರು ಬೀಳುವುದೇ ಅಪರೂಪ. ಬ್ರೇಕಿನ ಮೇಲೆ ಕಾಲಿಡುವುದಂತೂ ಲೆಕ್ಕವಿಲ್ಲದಷ್ಟು ಸಲ. ಆದುದರಿಂದ ಮೊದಲ ಹಣ ಬ್ರೇಕಿಗೆ ಸಲ್ಲಬೇಕು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಾಗೆ ತೇವ ಹೀರಿದ ದ್ರವ ಬಿಸಿಯಾದಾಗ ಕುದಿದು ಗುಳ್ಳೆಯೇಳುತ್ತದೆ, ಪೆಡಲು ತುಳಿದರೂ ಹಿಡಿತ ಸಿಗುವುದಿಲ್ಲ. ಮೂಲೆಯಲ್ಲಿ ನಿಂತಿದ್ದ ಕಾರಿನಲ್ಲಿ ಇದನ್ನು ಪೂರ್ತಿ ಬದಲಿಸಲೇಬೇಕು. ಬ್ರೇಕಿನ ರಬ್ಬರು ಕೊಳವೆ, ಸಸ್ಪೆನ್ಷನ್ನಿನ ಬುಷ್, ರೇಡಿಯೇಟರಿನ ಹೋಸ್ ಇವೂ ಕಾರು ಓಡದಿದ್ದರೂ ಹಳತಾಗುವ ವಸ್ತುಗಳು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಅಚ್ಚು ಸವೆಯದೆ ಹೊಳೆಯುತ್ತಿದ್ದರೂ ವಯಸ್ಸನ್ನು ನೋಡದೆ ಬಿಡಬಾರದು.

ಇದೆಲ್ಲ ರಿಪೇರಿಯಾಯಿತು, ಬದಲಾವಣೆ ಎಲ್ಲಿ ಎಂದು ಮಕ್ಕಳು ಕೇಳುವುದು ಸಹಜ. ಅದಕ್ಕೆ ಶಿವಾಜಿನಗರವಿದೆ. ಅಲ್ಲಿಯ ಗುಜರಿ ಅಂಗಡಿಗಳ ಸಾಲಿನಲ್ಲಿ ಅರ್ಧ ದಿನ ಅಲೆದವರಿಗೆ ಕಾರಿನ ಅಂಗಾಂಗಗಳ ಪರಿಚಯ ಪುಸ್ತಕಕ್ಕಿಂತ ಚೆನ್ನಾಗಿ ಆಗುತ್ತದೆ. (ಚೌಕಾಸಿಯ ವಿದ್ಯೆಯೂ ಜೊತೆಗೆ ಬರುತ್ತದೆ, ಇದರಲ್ಲಿ ತಾಯಂದಿರನ್ನು ಕರೆದೊಯ್ದರೆ ಲಾಭ ಹೆಚ್ಚು.) ಬಾಗಿಲ ಹಿಡಿ, ಕನ್ನಡಿ, ಬಂಪರು, ಡ್ಯಾಶ್‌ಬೋರ್ಡಿನ ಬಿಡಿಭಾಗಗಳನ್ನು ಹಳೆಯದೇ ಕೊಳ್ಳಬಹುದು. ಬ್ರೇಕು, ಸ್ಟೀರಿಂಗು, ಸೀಟ್ ಬೆಲ್ಟು, ಟೈರುಗಳನ್ನು ಮಾತ್ರ ಹೊಸದೇ ಕೊಳ್ಳತಕ್ಕದ್ದು. ಎಲ್ಲಿಂದ ಬಂತೆಂದು ಹೇಳಲೊಲ್ಲದ ಅಂಗಡಿಯವನ ಸಾಮಾನು ಎಷ್ಟು ಅಗ್ಗವಾದರೂ ಬೇಡ.

ಕಾರ್ಖಾನೆ ಕೊಟ್ಟದ್ದಕ್ಕಿಂತ ದೊಡ್ಡ ಚಕ್ರ ಹಾಕಿದರೆ ನೋಟಕ್ಕೆ ಚೆಂದ. ಆದರೆ ಚಕ್ರದ ಸುತ್ತಳತೆ ಹೆಚ್ಚಾದಾಗ ವೇಗಮಾಪಕ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಬೇರಿಂಗಿನ ಮೇಲೆ ಭಾರ ಬೀಳುತ್ತದೆ, ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಹೆಚ್ಚು ವಾಟಿನ ಬಲ್ಬನ್ನು ಹಳೆಯ ತಂತಿಗೇ ಜೋಡಿಸಿದರೆ ತಂತಿ ಕಾದು ಹೊದಿಕೆ ಕರಗುತ್ತದೆ. ಬೆಂಕಿಯ ಭಯವೂ ಉಂಟು. ಎದುರಿನಿಂದ ಬರುವವರ ಕಣ್ಣಿಗೆ ಕತ್ತಲೆ ಕವಿಯುವುದಂತೂ ಖಂಡಿತ.

ಕಾನೂನಿನ ಮಾತು ಸಣ್ಣದಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಇಂಥ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಮಾಲೀಕರೆಂದರೆ ಆರ್.ಸಿ.ಯಲ್ಲಿ ಹೆಸರಿರುವವರು, ಹೆಚ್ಚಿನ ಮನೆಗಳಲ್ಲಿ ಅದು ತಂದೆಯದೇ. ಕಾರಿನ ಬಣ್ಣ ಬದಲಿಸಿದರೂ ಆರ್.ಸಿ.ಯಲ್ಲಿ ದಾಖಲಿಸಬೇಕು. ಹದಿನೈದು ವರ್ಷ ತುಂಬಿದ ಕಾರನ್ನು ನೋಂದಣಿಯ ನವೀಕರಣಕ್ಕಾಗಿ ಕೆ.ಎ. 03 ಕಚೇರಿಗೋ ಕೆ.ಆರ್. ಪುರದ ಕೆ.ಎ. 53 ಕಚೇರಿಗೋ ಒಯ್ದಾಗ ಅಲ್ಲಿ ಪರೀಕ್ಷೆಯಾಗುತ್ತದೆ. ಅದಕ್ಕಾಗಿ ಬಿಚ್ಚಿದ ಮೂಲ ಸಾಮಾನುಗಳನ್ನು ಗುಜರಿಗೆ ಹಾಕದೆ, ಗೋಣಿಚೀಲದಲ್ಲಿ ಕಟ್ಟಿ, ಹೆಸರು ಬರೆದು ಅಟ್ಟದ ಮೇಲೆ ಇಡಲು ಹೇಳಿ. ವಿಮಾ ಕಂಪೆನಿಗೂ ಪ್ರತಿ ಬದಲಾವಣೆಯನ್ನು ಮೊದಲೇ ಬರೆದು ತಿಳಿಸಿ, ಉತ್ತರವನ್ನು ಪಾಲಿಸಿಯ ಜೊತೆಗೇ ಇರಿಸಿಕೊಳ್ಳಿ.