ಮೌಸ್ ಮುಟ್ಟಿದರೆ ಮೈಲಿಗೆಯೇ?

ನಮ್ಮ ಸರ್ವರ್ ರೂಮುಗಳಲ್ಲಿ ಒಂದು ಹೊಸ ಮಡಿ ಶುರುವಾಗಿ ಬಹಳ ಕಾಲವಾಯ್ತು. ಕಪ್ಪು ಪರದೆಯ ಮೇಲೆ ಕಮಾಂಡ್ ಕುಟ್ಟುವವರು ಒಳಗೆ, ಮೌಸ್ ಹಿಡಿದವರು ಜಗಲಿಯಲ್ಲಿ. ಒಂದು ದೊಡ್ಡ ಲಿನಕ್ಸ್ ಸರ್ವರ್‌ನೊಳಗೆ ಕೆವಿಎಂ ಹಾಕಿ ಹತ್ತಾರು ವರ್ಚುವಲ್ ಮಷೀನ್ ಓಡಿಸ್ತೀರಾ? ಹಾಗಾದ್ರೆ 'ವರ್ಶ್' ಕಮಾಂಡುಗಳು ಬಾಯಿಪಾಠ ಇರಬೇಕು. ವರ್ಟ್-ಮ್ಯಾನೇಜರ್ ತೆರೆದು, ಪಟ್ಟಿ ನೋಡಿ, ಬಟನ್ ಒತ್ತಿದಿರೋ, "ಓಹೋ, ಜಿಯುಐ ಗಿರಾಕಿ" ಅಂತ ಒಂದು ನಗು. ನಾನೂ ಹಾಗೆ ನಕ್ಕವನೇ.

ಹಿಂದಿನ ಕಂಪನಿಯಲ್ಲಿ ಒಂದು ರಾತ್ರಿ ಕರೆಂಟ್ ಹೋಯ್ತು, ಯುಪಿಎಸ್ಸೂ ಕೈಕೊಟ್ಟಿತು. ಸರ್ವರ್ ವಾಪಸ್ ಎದ್ದಾಗ ಸಂಬಳದ ಲೆಕ್ಕದ ಮಷೀನ್ ಮಾತ್ರ ಕಾಣ್ತಿಲ್ಲ. ನಮ್ಮ ಸೀನಿಯರ್ 'ವರ್ಶ್ ಲಿಸ್ಟ್' ಹೊಡೆದರು. ಮೂರೇ ಹೆಸರು. ಮತ್ತೆ ಹೊಡೆದರು, ಅದೇ ಮೂರು. "ಹೋಯ್ತು ಕಣ್ರೀ, ಬ್ಯಾಕಪ್ ತೆಗೀರಿ" ಅಂದರು. ಬ್ಯಾಕಪ್ ಹಿಂದಿನ ರಾತ್ರಿಯದು. ಅದನ್ನು ಹಳೆಯ ಡಿಸ್ಕ್ ಫೈಲ್ ಮೇಲೆ ಸುರಿದಿದ್ದರೆ ಅಕೌಂಟ್ಸ್‌ನವರು ಇಡೀ ದಿನ ಕೂತು ತುಂಬಿಸಿದ್ದೆಲ್ಲ ನೀರುಪಾಲು.

ಹಿಂದೆ ನಿಂತಿದ್ದ, ಸೇರಿ ಆರು ತಿಂಗಳಾಗಿದ್ದ ಹುಡುಗಿ "ಸಾರ್, ಒಂದ್ನಿಮಿಷ" ಅಂತ ತನ್ನ ಲ್ಯಾಪ್‌ಟಾಪ್ ತಿರುಗಿಸಿದಳು. ವರ್ಟ್-ಮ್ಯಾನೇಜರ್ ಪಟ್ಟಿಯಲ್ಲಿ ನಾಲ್ಕನೆಯದು ತಣ್ಣಗೆ ಕೂತಿತ್ತು, ಹೆಸರಿನ ಕೆಳಗೆ 'ಶಟ್‌ಆಫ್'. ಸರ್ವರ್ ಎದ್ದಾಗ ತಾನೂ ಏಳಬೇಕು ಅನ್ನೋ ಟಿಕ್ ಅದಕ್ಕೆ ಯಾರೂ ಹಾಕಿರಲೇ ಇಲ್ಲ, ಅಷ್ಟೇ. ಸ್ಟಾರ್ಟ್ ಒತ್ತಿದಳು, ಎದ್ದಿತು.

'ವರ್ಶ್ ಲಿಸ್ಟ್' ಸುಳ್ಳು ಹೇಳಲಿಲ್ಲ, ಒಪ್ಪಿದೆ. ಅದು ಓಡುತ್ತಿರೋದನ್ನು ಮಾತ್ರ ತೋರಿಸುತ್ತೆ; ಮಲಗಿರೋದೂ ಬೇಕಂದ್ರೆ ಕೊನೆಗೆ 'ಆಲ್' ಅಂತ ಸೇರಿಸಬೇಕು. ನಮ್ಮ ಸೀನಿಯರ್‌ಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಅಪರಾತ್ರಿಯಲ್ಲಿ, ಮ್ಯಾನೇಜರ್ ಫೋನಿನಲ್ಲಿ ಕಿರುಚುತ್ತಿರುವಾಗ, ಕೇಳಿದ್ದಕ್ಕಷ್ಟೇ ಉತ್ತರ ಕೊಡೋ ಸಾಧನ ಬೇಕಾ, ಕೇಳದೆಯೂ ಇದ್ದದ್ದನ್ನೆಲ್ಲ ಕಣ್ಣೆದುರು ಹರಡೋ ಸಾಧನ ಬೇಕಾ?

ಇನ್ನು ಆ ಕಮಾಂಡುಗಳ ಭಾಷೆ! ವರ್ಶ್‌ನಲ್ಲಿ 'ಡಿಸ್ಟ್ರಾಯ್' ಅಂದ್ರೆ ಮಷೀನನ್ನು ಅಳಿಸೋದಲ್ಲ ಮಾರಾಯ್ರೆ, ಪ್ಲಗ್ ಕಿತ್ತ ಹಾಗೆ ಆಫ್ ಮಾಡೋದು. ಡಿಸ್ಕ್ ಹಾಗೇ ಇರುತ್ತೆ. ಇದೇ ಕೆಲಸಕ್ಕೆ ವರ್ಟ್-ಮ್ಯಾನೇಜರ್‌ನಲ್ಲಿರೋ ಹೆಸರು 'ಫೋರ್ಸ್ ಆಫ್'. ಎರಡರ ಹಿಂದೆಯೂ ದುಡಿಯೋದು ಅದೇ ಲಿಬ್‌ವರ್ಟ್. ಒಂದು ಹೆದರಿಸುತ್ತೆ, ಇನ್ನೊಂದು ಅರ್ಥ ಆಗುತ್ತೆ. ಮೊದಲನೆಯದಕ್ಕೆ ಮಾತ್ರ ಮರ್ಯಾದೆ.

"ರೆಡ್ ಹ್ಯಾಟ್‌ನವರೇ ವರ್ಟ್-ಮ್ಯಾನೇಜರ್ ಕೈಬಿಟ್ಟರಲ್ಲ" ಅಂತ ವಾದ ಹೂಡೋರಿದ್ದಾರೆ. 2019ರಲ್ಲಿ ಆರ್‌ಎಚ್‌ಇಎಲ್ 8 ಬಂದಾಗ ಅದನ್ನು ಹಿಂದೆ ಸರಿಸಿದ್ದು ನಿಜ. ಬದಲಿಗೆ ಮುಂದಿಟ್ಟಿದ್ದು ಏನನ್ನು? ಕಾಕ್‌ಪಿಟ್. ಬ್ರೌಸರಿನಲ್ಲಿ ತೆರೆಯೋ ಇನ್ನೊಂದು ಜಿಯುಐ!

ನಲವತ್ತು ಮಷೀನುಗಳಿಗೆ ಒಂದೇ ಬದಲಾವಣೆ ಮಾಡಬೇಕಾದಾಗ ಕ್ಲಿಕ್ ಮಾಡ್ತಾ ಕೂರೋದು ಮೂರ್ಖತನ, ಅಲ್ಲಿ ಸ್ಕ್ರಿಪ್ಟೇ ಬೇಕು. ಕ್ಲಿಕ್ಕನ್ನು ಕಾಪಿ ಮಾಡಿ ಸಹೋದ್ಯೋಗಿಗೆ ಕಳಿಸೋಕೂ ಆಗಲ್ಲ. ಡಿಲೀಟ್ ಒತ್ತುವಾಗ 'ಡಿಸ್ಕ್ ಫೈಲುಗಳನ್ನೂ ಅಳಿಸು' ಅನ್ನೋ ಪುಟ್ಟ ಚೌಕ ಗಮನಿಸದಿದ್ರೆ ಜಿಯುಐ ಕೂಡ ಮನೆ ಹಾಳು ಮಾಡುತ್ತೆ. ಅದಕ್ಕೆ ಎರಡನ್ನೂ ಕಲೀರಿ ಅನ್ನಿ, ಬೇಡ ಅನ್ನಲ್ಲ. ನಗಬೇಡಿ ಅಂತಷ್ಟೇ ನನ್ನ ತಕರಾರು.

ಆ ವರ್ಷ ಅಪ್ರೈಸಲ್‌ನಲ್ಲಿ ಆ ಹುಡುಗಿಗೆ ಬಂದ ಟಿಪ್ಪಣಿ ಒಂದೇ: ಕಮಾಂಡ್ ಲೈನ್ ಕೌಶಲ ಸುಧಾರಿಸಬೇಕು. ಬರೆದದ್ದು ಅದೇ ಸೀನಿಯರ್. ಆ ಮೀಟಿಂಗಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲೇ ನಾನಿದ್ದೆ. ಆ ರಾತ್ರಿಯ ವಿಷಯ ಎತ್ತಲಿಲ್ಲ.